ಬೂದಿ ಬೀಳುವ ಊರು

ಮಗನ ಮನೆಗೆಂದು ಜಪಾನಿನ ಕಾಗೊಶಿಮಾಕ್ಕೆ ಹೋಗಿದ್ದೆ. ಆಗಸ್ಟ್ ತಿಂಗಳು, ಅಲ್ಲಿ ಸುಡು ಬೇಸಿಗೆ. ಎರಡನೇ ದಿನವೇ ಬಾಲ್ಕನಿಯಲ್ಲಿ ಒಣಹಾಕಿದ್ದ ನನ್ನ ತಿಳಿಹಳದಿ ಸೀರೆ ಸಂಜೆಗೆ ಬೂದುಬಣ್ಣಕ್ಕೆ ತಿರುಗಿತ್ತು. ಕೊಡವಿದರೆ ಮರಳಿನಂಥ ಪುಡಿ!

"ಹೇಳೋದು ಮರೆತೆ ಅತ್ತೆ, ಇಲ್ಲಿ ಗಾಳಿ ನೋಡಿ ಬಟ್ಟೆ ಒಣಹಾಕಬೇಕು" ಎಂದಳು ಸೊಸೆ.

ಕ್ಯೂಶು ದ್ವೀಪದ ದಕ್ಷಿಣದಲ್ಲಿರುವ ಈ ನಗರದಲ್ಲಿ ಸುಮಾರು 6 ಲಕ್ಷ ಜನರಿದ್ದಾರೆ. ಎದುರಿಗೆ ಕೊಲ್ಲಿ. ಅದರಾಚೆ ನಾಲ್ಕೇ ಕಿಲೋಮೀಟರ್ ದೂರದಲ್ಲಿ ಸಾಕುರಾಜಿಮಾ, 1,117 ಮೀಟರ್ ಎತ್ತರದ ಜ್ವಾಲಾಮುಖಿ. 1955ರಿಂದ ಅದು ಆಗಾಗ ಸಿಡಿಯುತ್ತಲೇ ಇದೆ. ಬೇಸಿಗೆಯ ಗಾಳಿ ಬೂದಿಯನ್ನು ನಗರದ ಕಡೆಗೇ ತರುತ್ತದೆ. ಟಿವಿಯ ಹವಾಮಾನ ವಾರ್ತೆಯಲ್ಲಿ ಮಳೆಯ ಜೊತೆ ಬೆಟ್ಟದ ಮೇಲಿನ ಗಾಳಿಯ ದಿಕ್ಕನ್ನೂ ಹೇಳುತ್ತಾರೆ. ಬೂದಿ ತುಂಬಲು ನಗರಾಡಳಿತವೇ ಹಳದಿ ಚೀಲ ಕೊಡುತ್ತದೆ. ಗುಡಿಸಿ, ಕಟ್ಟಿ, ಗೊತ್ತಾದ ಜಾಗದಲ್ಲಿಟ್ಟರೆ ಒಯ್ಯುತ್ತಾರೆ. ನಾನು ನಮ್ಮೂರ ಅಭ್ಯಾಸದಂತೆ ನೀರು ಚಿಮುಕಿಸಿ ಕೆಸರು ಮಾಡಿಟ್ಟೆ, ಆ ಮಾತು ಬೇರೆ.

"ಇಂಥ ಕಡೆ ಮಗು ಇಟ್ಕೊಂಡು ಯಾಕಿದ್ದೀಯೋ? ಬೇರೆ ಊರಲ್ಲಿ ಕೆಲಸ ನೋಡು" ಎಂದು ದಿನವೂ ಮಗನಿಗೆ ಹೇಳತೊಡಗಿದೆ. ಅವನು ವಾದಿಸಲಿಲ್ಲ. ಭಾನುವಾರ ನಮ್ಮನ್ನೆಲ್ಲ ಫೆರಿ ಹತ್ತಿಸಿದ. ಹದಿನೈದು ನಿಮಿಷಕ್ಕೆ ಬೆಟ್ಟದ ಬುಡ.

ಅಲ್ಲಿಯೂ ಜನ ಇದ್ದಾರೆ! ಮನೆ, ಶಾಲೆ, ಕಿತ್ತಳೆ ತೋಟ. ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ರಸ್ತೆ ಬದಿಯಲ್ಲಿ, ಕಲ್ಲು ಹಾರಿ ಬಂದರೆ ನುಗ್ಗಿಕೊಳ್ಳಲು ಕಾಂಕ್ರೀಟ್ ಗೂಡುಗಳು. ಈ ಮಣ್ಣಿನಲ್ಲೇ ಜಗತ್ತಿನ ಅತಿ ದೊಡ್ಡ ಮೂಲಂಗಿ ಬೆಳೆಯುವುದು. 2003ರಲ್ಲಿ ಒಂದು 31.1 ಕಿಲೋ ತೂಗಿತ್ತಂತೆ.

ಕುರೊಕಾಮಿ ಎಂಬಲ್ಲಿ ಗುಡಿಯೊಂದರ ಮುಂದಿನ ಕಲ್ಲಿನ ಕಮಾನು ನೋಡಿದೆವು. ಮೂರು ಮೀಟರ್ ಎತ್ತರದ್ದು, ಈಗ ಕಾಣುವುದು ಒಂದೇ ಮೀಟರ್. ಪಕ್ಕದಲ್ಲಿ ನಿಂತರೆ ಏಳು ವರ್ಷದ ನನ್ನ ಮೊಮ್ಮಗನೇ ಎತ್ತರ! 1914ರ ಜನವರಿಯಲ್ಲಿ ಬೆಟ್ಟ ಸಿಡಿದಾಗ ಹೂತುಹೋದದ್ದು. ಅಲ್ಲಿಯವರೆಗೆ ದ್ವೀಪವಾಗಿದ್ದ ಸಾಕುರಾಜಿಮಾ ಆ ಲಾವಾದಿಂದಲೇ ಪೂರ್ವದ ನೆಲಕ್ಕೆ ಅಂಟಿಕೊಂಡಿತು. ಮುಂದಿನವರು ಮರೆಯಬಾರದೆಂದು ಊರಿನ ಮುಖ್ಯಸ್ಥರು ಕಮಾನನ್ನು ಅಗೆಯಲು ಬಿಡಲಿಲ್ಲ.

ಇನ್ನೊಂದು ಊರಿನ ಶಾಲೆಯಲ್ಲಿ ಒಂದು ಕಲ್ಲಿದೆಯಂತೆ. ಸಿಡಿಯುವ ಮುನ್ನ ಅಲ್ಲಿಯವರು ಹವಾಮಾನ ಕೇಂದ್ರವನ್ನು ಕೇಳಿದ್ದರು. ಸಾಕುರಾಜಿಮಾ ಸಿಡಿಯುವುದಿಲ್ಲ ಎಂಬ ಉತ್ತರ ನಂಬಿ ಉಳಿದವರಲ್ಲಿ ಕೆಲವರು ಸತ್ತರು. ಮುನ್ಸೂಚನೆ ಕಂಡರೆ ಯಾರ ಸಿದ್ಧಾಂತಕ್ಕೂ ಕಾಯದೆ ಓಡಿ ಎಂದು ಆ ಕಲ್ಲಿನಲ್ಲಿ ಕೆತ್ತಿದ್ದಾರೆ. ಈಗಲೂ ಪ್ರತಿ ವರ್ಷ ಊರು ಬಿಡುವ ತಾಲೀಮು ನಡೆಯುತ್ತದೆ. ಮಗ ಇದನ್ನೆಲ್ಲ ಹೇಳುವಾಗ ನಾನು ಸುಮ್ಮನೆ ಮೊಮ್ಮಗನ ಕೈ ಹಿಡಿದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಅವನು ಟಿವಿ ಮುಂದಿನಿಂದ ಕೂಗಿದ: "ಅಜ್ಜೀ, ಇವತ್ತು ಬೂದಿ ಆಚೆ ಕಡೆಗಂತೆ. ಸೀರೆ ಒಣಹಾಕು."

ಒಣಹಾಕಿದೆ. ಆದರೂ ಸಂಜೆಯೊಳಗೆ ಮೂರು ಸಲ ಬಾಲ್ಕನಿಗೆ ಹೋಗಿ ಬೆಟ್ಟ ನೋಡಿ ಬಂದೆ.