ಕಡಲಂಚಿನ ನರ್ತನಶಾಲೆ

ಇಂಗ್ಲೆಂಡಿನ ವಾಯವ್ಯ ತೀರದಲ್ಲಿ, ಐರಿಷ್ ಸಮುದ್ರದ ಬೂದುಬಣ್ಣದ ಅಲೆಗಳಿಗೆ ಎದೆಯೊಡ್ಡಿ ನಿಂತಿರುವ ಊರು ಬ್ಲ್ಯಾಕ್‌ಪೂಲ್. ಹೆಸರನ್ನು ಕನ್ನಡಿಸಿದರೆ ‘ಕರಿಮಡು’ ಎಂದಾದೀತು. ಜವುಗುನೆಲದ ಕಪ್ಪು ಮಣ್ಣನ್ನು ಕಲಸಿಕೊಂಡು ಹಿಂದೆ ಇಲ್ಲಿ ಕಡಲಿಗೆ ಇಳಿಯುತ್ತಿದ್ದ ತೊರೆಯೊಂದು ಊರಿಗೆ ಈ ಹೆಸರನ್ನು ಕೊಟ್ಟು ಹೋಗಿದೆ. ಪ್ರೆಸ್ಟನ್ ಮಾರ್ಗವಾಗಿ ರೈಲಿನಲ್ಲಿ ಬರುವ ಪ್ರವಾಸಿಗೆ ಊರು ಕಾಣುವ ಮೊದಲೇ ಊರಿನ ಗೋಪುರ ಕಾಣುತ್ತದೆ. ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ಕಂಡು ಆಸೆಪಟ್ಟು ಇಲ್ಲಿಯವರು ಕಟ್ಟಿಸಿದ ಕಬ್ಬಿಣದ ಗೋಪುರ ಅದು. ಎತ್ತರ 518 ಅಡಿ. ಬಾಗಿಲು ತೆರೆದದ್ದು 1894ರ ಮೇ ತಿಂಗಳಲ್ಲಿ. ಗಾಡಿಯ ಕಿಟಕಿಯಿಂದ ಅದನ್ನು ಯಾರು ಮೊದಲು ಕಾಣುವರೆಂದು ಮಕ್ಕಳು ಪಂದ್ಯ ಕಟ್ಟುವುದು ತಲೆಮಾರುಗಳಿಂದ ನಡೆದುಬಂದ ವಾಡಿಕೆ.

ಆದರೆ ಬ್ಲ್ಯಾಕ್‌ಪೂಲಿನ ಹಿರಿಮೆ ಗೋಪುರದ ನೆತ್ತಿಯಲ್ಲಿಲ್ಲ, ಅದರ ಬುಡದಲ್ಲಿದೆ. ಅಲ್ಲಿರುವ ನರ್ತನಶಾಲೆಯ ನುಣುಪಾದ ನೆಲದ ಮೇಲೆ ಒಮ್ಮೆಯಾದರೂ ಹೆಜ್ಜೆಯಿಡಬೇಕೆಂಬ ಹಂಬಲದಿಂದ ಜಪಾನಿನಿಂದ, ಚೀನದಿಂದ, ಇಟಲಿಯಿಂದ ಜೋಡಿಗಳು ಬರುತ್ತವೆ. ವೀಣೆ ಕಲಿತವನಿಗೆ ಮೈಸೂರು ಹೇಗೋ, ಜೋಡಿನೃತ್ಯ ಕಲಿತವರಿಗೆ ಈ ಊರು ಹಾಗೆ.

ಗಿರಣಿಯಿಂದ ಕಡಲಿಗೆ

ಈ ಊರನ್ನು ಬೆಳೆಸಿದವರು ರಾಜಮಹಾರಾಜರಲ್ಲ. ಲ್ಯಾಂಕಾಶೈರಿನ ಬಟ್ಟೆಗಿರಣಿಗಳ ಕೂಲಿಕಾರರು. 1846ರಲ್ಲಿ ರೈಲು ಬಂದಿತು. ಓಲ್ಡಮ್, ಬರ್ನ್ಲಿ, ಬ್ಲ್ಯಾಕ್‌ಬರ್ನ್, ಬೋಲ್ಟನ್ ಮುಂತಾದ ಗಿರಣಿಯೂರುಗಳಿಗೆ ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಒಂದು ವಾರದ ಬಿಡುವು. ಅದಕ್ಕೆ ‘ವೇಕ್ಸ್ ವಾರ’ವೆಂದು ಹೆಸರು. ಒಂದೊಂದು ಊರಿಗೆ ಒಂದೊಂದು ವಾರ. ಆ ವಾರ ಊರಿನ ಗಿರಣಿಗಳೆಲ್ಲ ಒಟ್ಟಿಗೆ ಮುಚ್ಚುತ್ತಿದ್ದುವು, ಹೊಗೆಕೊಳವೆಗಳು ತಣ್ಣಗಾಗುತ್ತಿದ್ದುವು, ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಿಕೊಂಡು ಬ್ಲ್ಯಾಕ್‌ಪೂಲಿನ ರೈಲು ಹತ್ತುತ್ತಿತ್ತು. ಬಹುಕಾಲ ಆ ವಾರಕ್ಕೆ ಕೂಲಿ ಇರಲಿಲ್ಲ. ಆದ್ದರಿಂದ ವರ್ಷವೆಲ್ಲ ಚೀಟಿಯ ಹಣದಂತೆ ವಾರವಾರವೂ ಪುಡಿಗಾಸು ಕಟ್ಟಿ ಕೂಡಿಸಿಟ್ಟು, ಏಳು ದಿನಗಳಲ್ಲಿ ಅದನ್ನು ಖರ್ಚುಮಾಡಿ, ಬರಿಗೈಯಲ್ಲಿ ಮಗ್ಗದ ಮುಂದೆ ಮರಳಿ ನಿಲ್ಲುವುದು ಅವರ ಬಾಳಿನ ಕ್ರಮವಾಗಿತ್ತು.

ಈ ಗಿರಣಿಗಳಿಗೂ ಕನ್ನಡ ನಾಡಿಗೂ ಹಳೆಯ ನಂಟು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬಾರದಂತಾದಾಗ ಲ್ಯಾಂಕಾಶೈರು ಧಾರವಾಡ ಸೀಮೆಯ ಹತ್ತಿಯತ್ತ ಕಣ್ಣು ಹಾಯಿಸಿತು. ಅದನ್ನು ಸಾಗಿಸುವ ಆಸೆಯಿಂದಲೇ ಆ ದಿನಗಳಲ್ಲಿ ಕಾರವಾರದ ಬಂದರಿಗೆ ಪ್ರಾಮುಖ್ಯ ಬಂದಿತು. ಅಲ್ಲಿ ನೆಯ್ದ ಬಟ್ಟೆ ತಿರುಗಿ ಬಂದು ಇಲ್ಲಿಯ ಕೈಮಗ್ಗದ ಅನ್ನವನ್ನು ಕಸಿದುಕೊಂಡ ಕತೆ ಎಲ್ಲರೂ ಬಲ್ಲದ್ದೆ. ಆದರೆ ಆ ಲಾಭದಲ್ಲಿ ಮಗ್ಗದ ಮುಂದೆ ನಿಂತವಳ ಪಾಲಿಗೆ ಬಂದುದು ಅತ್ಯಲ್ಪ. ಸಾವಿರ ಲಾಳಿಗಳ ಅಬ್ಬರದಲ್ಲಿ ಕಿವಿ ಮಂದವಾಗಿ, ತುಟಿಯ ಚಲನೆಯನ್ನು ನೋಡಿಯೇ ಮಾತನ್ನು ಅರಿಯುತ್ತಿದ್ದ ಹೆಣ್ಣುಮಕ್ಕಳು ಅವರು. ಕಾಲಿಗೆ ಮರದ ಅಟ್ಟೆಯ ಪಾದರಕ್ಷೆ. ಆ ಮರದ ಸದ್ದಿನಿಂದಲೇ ಮಗ್ಗದ ತಾಳವನ್ನು ಅನುಕರಿಸುವ ಒಂದು ಕುಣಿತವನ್ನೂ ಅವರು ಕಟ್ಟಿಕೊಂಡಿದ್ದರು. ಅಂಥವರಿಗೆ ಬ್ಲ್ಯಾಕ್‌ಪೂಲಿನ ನರ್ತನಶಾಲೆ ಏನಾಗಿ ತೋರಿದ್ದೀತೆಂಬುದನ್ನು ಊಹಿಸಿಕೊಳ್ಳಬಹುದು.

ಮೂವತ್ತು ಸಾವಿರ ತುಂಡುಗಳ ನೆಲ

ಗೋಪುರದಡಿಯ ಈಗಿನ ನರ್ತನಶಾಲೆ 1899ರಲ್ಲಿ ಸಿದ್ಧವಾಯಿತು. ವಿನ್ಯಾಸ ಫ್ರಾಂಕ್ ಮ್ಯಾಚಮ್ ಎಂಬ ಪ್ರಸಿದ್ಧ ರಂಗಮಂದಿರ ಶಿಲ್ಪಿಯದು. ಎರಡು ಅಂತಸ್ತಿನ ಉಪ್ಪರಿಗೆಗಳು, ಹೊನ್ನಿನ ಲೇಪವುಳ್ಳ ಕಮಾನುಗಳು, ಚಿತ್ರ ಬರೆದ ಮೇಲ್ಛಾವಣಿ, ಅಲ್ಲಿಂದ ತೂಗುವ ಸ್ಫಟಿಕದ ದೀಪಗುಚ್ಛಗಳು. ವೇದಿಕೆಯ ನೆತ್ತಿಯಲ್ಲಿ ಶೇಕ್ಸ್‌ಪಿಯರನ ‘ವೀನಸ್ ಮತ್ತು ಅಡೋನಿಸ್’ ಕಾವ್ಯದ ಸಾಲೊಂದನ್ನು ಕೆತ್ತಲಾಗಿದೆ. ಆದರೆ ನರ್ತಕನ ಕಣ್ಣು ಮೊದಲು ಹರಿಯುವುದು ನೆಲದ ಕಡೆಗೆ. 120 ಅಡಿ ಉದ್ದ, 102 ಅಡಿ ಅಗಲದ ಆ ನೆಲ ಮಹಾಗನಿ, ಓಕ್ ಮತ್ತು ವಾಲ್‌ನಟ್ ಮರಗಳ 30,602 ತುಂಡುಗಳನ್ನು ಜೋಡಿಸಿ ಮಾಡಿದುದು.

ಆರಂಭದಲ್ಲಿ ಇಲ್ಲಿಯ ನಿಯಮಗಳು ಮಠದ ನಿಯಮಗಳಂತಿದ್ದುವು. ಭಾನುವಾರ ಕುಣಿತವಿಲ್ಲ, ದೇವರ ಸಂಗೀತ ಮಾತ್ರ. ಮಹನೀಯರು ಮಹಿಳೆಯ ಜೊತೆಯಿಲ್ಲದೆ ಕುಣಿಯತಕ್ಕದ್ದಲ್ಲ. ಅಸಭ್ಯವಾಗಿ ವರ್ತಿಸಿದವರಿಗೆ ತತ್‌ಕ್ಷಣ ಬಾಗಿಲೇ ಗತಿ. 1930ರಿಂದ 1970ರವರೆಗೆ ನಾಲ್ವತ್ತು ವರ್ಷ ಇಲ್ಲಿ ವುರ್ಲಿಟ್ಜರ್ ಆರ್ಗನ್ ನುಡಿಸಿದವರು ರೆಜಿನಾಲ್ಡ್ ಡಿಕ್ಸನ್. ವೇದಿಕೆಯ ಒಡಲಿನಿಂದ ವಾದ್ಯವೂ ವಾದಕನೂ ಒಟ್ಟಿಗೆ ಮೇಲೇರಿ ಬರುವ ನೋಟ ಇಂದಿಗೂ ನೋಡಸಿಗುತ್ತದೆ.

1956ರ ಡಿಸೆಂಬರಿನಲ್ಲಿ ಈ ಶಾಲೆಗೆ ಬೆಂಕಿ ಬಿದ್ದಿತು. ನೆಲ ಸುಟ್ಟುಹೋಯಿತು. ಕೆಡವಿ ಬೇರೇನನ್ನಾದರೂ ಕಟ್ಟುವುದು ಸುಲಭವಾಗಿತ್ತು. ಊರಿನವರು ಹಾಗೆ ಮಾಡಲಿಲ್ಲ. ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ಕುಳಿತಿದ್ದ ಹಳೆಯ ಕುಶಲಕರ್ಮಿಗಳು ಹಲವರು ಮತ್ತೆ ಉಳಿ ಕುಂಚಗಳನ್ನು ಕೈಗೆತ್ತಿಕೊಂಡರು. 1958ರಲ್ಲಿ ಶಾಲೆ ಹಿಂದಿನ ರೂಪದಲ್ಲೇ ಮತ್ತೆ ತೆರೆಯಿತು.

ಒಂದು ನೃತ್ಯದ ವಲಸೆ

ಇಲ್ಲಿ ಕಲಿಯಬರುವವರೆಲ್ಲರ ಆಸೆಯೂ ಅಳುಕೂ ಒಂದೇ ನೃತ್ಯದ ಸುತ್ತ ಸುಳಿಯುತ್ತವೆ: ಸ್ಲೋ ಫಾಕ್ಸ್‌ಟ್ರಾಟ್. ಅದು ಹುಟ್ಟಿದ್ದು ಇಲ್ಲಿ ಅಲ್ಲ, 1914ರ ನ್ಯೂಯಾರ್ಕಿನಲ್ಲಿ. ಹ್ಯಾರಿ ಫಾಕ್ಸ್ ಎಂಬ ರಂಗನಟ ರಾಗ್‌ಟೈಮ್ ಸಂಗೀತಕ್ಕೆ ಹಾಕುತ್ತಿದ್ದ ಕುಪ್ಪಳಿಕೆಯ ಹೆಜ್ಜೆಯಿಂದ ಅದಕ್ಕೆ ಹೆಸರು ಬಂದಿತೆಂದು ಪ್ರತೀತಿ. ವರ್ನನ್ ಮತ್ತು ಐರೀನ್ ಕ್ಯಾಸಲ್ ದಂಪತಿಗಳು ಅದನ್ನು ನಾಗರಿಕರ ಅಂಗಳಕ್ಕೆ ತಂದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅದು ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಬಂದಿತು.

ಬಂದ ಮೇಲೆ ಅದರ ಸ್ವಭಾವ ಬದಲಾಯಿತು. 1920ರಲ್ಲಿ ‘ಡ್ಯಾನ್ಸಿಂಗ್ ಟೈಮ್ಸ್’ ಪತ್ರಿಕೆಯ ಸಂಪಾದಕ ಫಿಲಿಪ್ ರಿಚರ್ಡ್‌ಸನ್ ಲಂಡನ್ನಿನಲ್ಲಿ ನೃತ್ಯಶಿಕ್ಷಕರ ಸಭೆ ಕರೆದನು. ಮನಬಂದಂತೆ ನಡೆಯುತ್ತಿದ್ದ ಕುಣಿತಗಳಿಗೆ ಕ್ರಮವೊಂದು ಬೇಕೆಂಬುದು ಅದರ ಉದ್ದೇಶ. ಕುಪ್ಪಳಿಕೆ ಹೋಯಿತು, ತೇಲುವಿಕೆ ಬಂದಿತು. ವಾದ್ಯಮೇಳಗಳು ವೇಗವನ್ನು ಏರಿಸುತ್ತ ಹೋದಾಗ, ಆ ದಶಕ ಮುಗಿಯುವಷ್ಟರಲ್ಲಿ ಒಂದು ನೃತ್ಯ ಎರಡಾಗಿ ಒಡೆಯಿತು. ಚುರುಕಿನದು ಕ್ವಿಕ್‌ಸ್ಟೆಪ್, ನಿಧಾನದ್ದು ಸ್ಲೋ ಫಾಕ್ಸ್‌ಟ್ರಾಟ್. ಪಾದ್ರಿಯೊಬ್ಬರ ಮಗನಾದ ವಿಕ್ಟರ್ ಸಿಲ್ವೆಸ್ಟರ್ 1922ರಲ್ಲಿ ಫಿಲಿಸ್ ಕ್ಲಾರ್ಕಳೊಡನೆ ವಿಶ್ವ ಸ್ಪರ್ಧೆಯನ್ನು ಗೆದ್ದನು. 1935ರಲ್ಲಿ ತನ್ನದೇ ವಾದ್ಯಮೇಳ ಕಟ್ಟಿ, ಲಯ ಕೂದಲೆಳೆಯಷ್ಟೂ ತಪ್ಪದ ಧ್ವನಿಮುದ್ರಿಕೆಗಳನ್ನು ಹೊರಡಿಸಿದನು. ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಕೋಲಾರದ ಚಿನ್ನದ ಗಣಿಯಲ್ಲಿಯೂ ಆಂಗ್ಲೋ-ಇಂಡಿಯನ್ ಕುಟುಂಬಗಳ ಕ್ಲಬ್ಬುಗಳಲ್ಲಿ ಫಾಕ್ಸ್‌ಟ್ರಾಟ್ ಪರಿಚಿತ ನೃತ್ಯವಾಗಿತ್ತು.

ಮೊದಲ ಪಾಠ: ನಡಿಗೆ

ಫಾಕ್ಸ್‌ಟ್ರಾಟಿನ ಮೊದಲ ಪಾಠ ಕುಣಿತವಲ್ಲ, ನಡಿಗೆ. ‘ನಡೆಯಲು ಬಾರದವರುಂಟೆ?’ ಎಂದು ನಗುತ್ತ ಬಂದವರು ಅರ್ಧ ಗಂಟೆಯಲ್ಲಿ ಬೆವರುತ್ತಾರೆ.

ಜೋಡಿ ಎದುರುಬದುರಾಗಿ, ಹತ್ತಿರವಾಗಿ ನಿಲ್ಲಬೇಕು. ಗಂಡಿನ ಬಲಗೈ ಹೆಣ್ಣಿನ ಎಡ ಹೆಗಲೆಲುಬಿನ ಮೇಲೆ; ಹೆಣ್ಣಿನ ಎಡಗೈ ಗಂಡಿನ ಬಲದೋಳಿನ ಮೇಲೆ; ಉಳಿದ ಕೈಗಳು ಒಂದನ್ನೊಂದು ಹಿಡಿದು ಸುಮಾರು ಕಣ್ಣಿನ ಮಟ್ಟದಲ್ಲಿ. ಇಬ್ಬರ ದೃಷ್ಟಿಯೂ ಎದುರಿನವರ ಬಲಭುಜದ ಮೇಲಿಂದ ಹಾದು ಹೋಗಬೇಕು. ಜೋಡಿಗಳೆಲ್ಲ ಶಾಲೆಯನ್ನು ಸುತ್ತುವುದು ದೇವಸ್ಥಾನದ ಪ್ರದಕ್ಷಿಣೆಗೆ ತದ್ವಿರುದ್ಧವಾದ ದಿಕ್ಕಿನಲ್ಲಿ.

ತಾಳ ಚತುರಶ್ರ, ಒಂದು ಆವರ್ತಕ್ಕೆ ನಾಲ್ಕು ಪೆಟ್ಟು, ನಿಮಿಷಕ್ಕೆ ಸುಮಾರು 30 ಆವರ್ತ. ‘ನಿಧಾನ’ ಎಂದರೆ ಎರಡು ಪೆಟ್ಟಿನ ಹೆಜ್ಜೆ. ‘ಚುರುಕು’ ಎಂದರೆ ಒಂದು ಪೆಟ್ಟಿನದು. ಹೊಸಬರಿಗೆ ಹೇಳಿಕೊಡುವ ಸರಳ ಕ್ರಮ ಹೀಗೆ: ಗಂಡು ಎಡಗಾಲನ್ನು ಮುಂದಿಡುತ್ತಾನೆ, ನಿಧಾನ, ಬಲಗಾಲನ್ನು ಮುಂದಿಡುತ್ತಾನೆ, ನಿಧಾನ, ಎಡಗಾಲನ್ನು ಪಕ್ಕಕ್ಕಿಡುತ್ತಾನೆ, ಚುರುಕು, ಬಲಗಾಲನ್ನು ಅದರ ಬಳಿಗೆ ಕೂಡಿಸುತ್ತಾನೆ, ಚುರುಕು. ಹೆಣ್ಣು ಇದನ್ನೇ ಕನ್ನಡಿಯಂತೆ, ಬಲಗಾಲಿನಿಂದ ಆರಂಭಿಸಿ ಹಿಂದಕ್ಕೆ ನಡೆಯುತ್ತಾಳೆ. ಇಷ್ಟನ್ನು ಕಲಿತರೆ ಮದುವೆಯ ಔತಣದಲ್ಲಿ ಮಾನ ಉಳಿಯುತ್ತದೆ.

ಆದರೆ ಬ್ಲ್ಯಾಕ್‌ಪೂಲಿನಲ್ಲಿ ಗೌರವ ಪಡೆಯುವ ಫಾಕ್ಸ್‌ಟ್ರಾಟ್ ಬೇರೆ. ಅದರಲ್ಲಿ ಕಾಲುಗಳು ಕೂಡಿ ನಿಲ್ಲುವುದೇ ಅಪರೂಪ. ಒಂದನ್ನೊಂದು ದಾಟಿ ಹೋಗುತ್ತಲೇ ಇರುತ್ತವೆ. ಮೊದಲನೆಯದು ‘ಗರಿಯ ಹೆಜ್ಜೆ’. ಗಂಡು ಬಲಗಾಲಿನಿಂದ ನಿಧಾನವಾಗಿ ಹೊರಡುತ್ತಾನೆ, ಹಿಮ್ಮಡಿ ಮೊದಲು ನೆಲ ಮುಟ್ಟುವಂತೆ. ಎಡಗಾಲನ್ನು ಚುರುಕಾಗಿ ಮುಂದಿಡುತ್ತ ಬೆರಳುಗಳ ಮೇಲೆ ಏರುತ್ತಾನೆ. ಮೂರನೆಯ ಹೆಜ್ಜೆಯಲ್ಲಿ ಬಲಗಾಲು ಹೆಣ್ಣಿನ ಬಲಪಕ್ಕದ ಹೊರಗೆ ಸರಿಯುತ್ತದೆ. ಗಾಳಿಗೆ ಗರಿ ಹಾರಿದಂತೆ ಅದು ಕಾಣಬೇಕು. ಅನಂತರ ಮೈ ಇಳಿದು ಎಡಗಾಲಿನ ಹಿಮ್ಮಡಿ ಮತ್ತೆ ನೆಲವನ್ನು ಹುಡುಕುತ್ತದೆ. ಇನ್ನೊಂದು ‘ಮೂರು ಹೆಜ್ಜೆ’: ಎಡ, ಬಲ, ಎಡ; ನಿಧಾನ, ಚುರುಕು, ಚುರುಕು; ಇದರಲ್ಲಿ ಇಬ್ಬರೂ ನೇರ ಎದುರಿನಲ್ಲಿಯೇ ಇರುತ್ತಾರೆ. ಇವೆರಡರ ನಡುವೆ ಎಡಕ್ಕೆ ತಿರುಗುವ ಸುತ್ತು. ಅದರಲ್ಲಿ ಗಂಡು ದೂರದ ದಾರಿ ಸುತ್ತಿ ಬರುವಾಗ ಹೆಣ್ಣು ಒಂದು ಪಾದವನ್ನು ಇನ್ನೊಂದರ ಬಳಿಗೆಳೆದು ಹಿಮ್ಮಡಿಯ ಮೇಲೆಯೇ ತಿರುಗಬೇಕು. ನೃತ್ಯದ ಅತ್ಯಂತ ಸೂಕ್ಷ್ಮವಾದ ಗಳಿಗೆ ಅದೇ.

ಐದು ಮುಖ್ಯ ಬಾಲ್‌ರೂಮ್ ನೃತ್ಯಗಳಲ್ಲಿ ಇದೇ ಕಠಿಣವೆಂದು ಬಲ್ಲವರು ಹೇಳುತ್ತಾರೆ. ಕಾರಣವನ್ನು ಸಂಗೀತ ಬಲ್ಲವರು ಸುಲಭವಾಗಿ ಅರಿತಾರು: ವಿಳಂಬ ಕಾಲದಲ್ಲಿ ತಪ್ಪನ್ನು ಮುಚ್ಚಿಡಲು ಎಡೆಯಿಲ್ಲ. ವೇಗದ ನೃತ್ಯದಲ್ಲಿ ಮುಗ್ಗರಿಸಿದರೂ ಮುಂದಿನ ಹೆಜ್ಜೆ ಕಾಪಾಡುತ್ತದೆ. ಇಲ್ಲಿ ಪಾದದಿಂದ ಪಾದಕ್ಕೆ ಮೈಭಾರ ತೈಲಧಾರೆಯಂತೆ ಹರಿಯಬೇಕು. ಎಲ್ಲಿ ತಡೆದರೂ ಕಾಣುತ್ತದೆ.

ಇನ್ನೊಂದು ಕಷ್ಟ ಕಾಲಿನದಲ್ಲ, ಮನಸ್ಸಿನದು. ಜೋಡಿಯಲ್ಲಿ ಒಬ್ಬರು ಯಾವಾಗಲೂ ತಮಗೆ ಕಾಣದ ದಿಕ್ಕಿಗೆ ಬೆನ್ನು ಮಾಡಿ ನಡೆಯುತ್ತಿರುತ್ತಾರೆ. ಹಿಂದೆ ಯಾರಿದ್ದಾರೆ, ಕಂಬವಿದೆಯೇ, ಗೋಡೆಯಿದೆಯೇ ಎಂಬುದು ಎದುರಿನವರಿಗೆ ಮಾತ್ರ ಗೊತ್ತು. ಕೈಯಿಂದ ತಳ್ಳುವವನಿಗೂ, ಕಾಲನ್ನು ನೋಡಿಕೊಳ್ಳುವವಳಿಗೂ ಈ ನೃತ್ಯ ಒಲಿಯುವುದಿಲ್ಲ. ಎದೆಯ ಒಂದು ಸಣ್ಣ ವಾಲುವಿಕೆಯಿಂದ ಸೂಚನೆ ಹೊರಡಬೇಕು. ಅದು ಮುಗಿಯುವ ಮೊದಲೇ ಎದುರಿನ ಮೈ ಅದನ್ನು ಅರಿಯಬೇಕು. ಮಗ್ಗದ ಅಬ್ಬರದಲ್ಲಿ ಮಾತಿಲ್ಲದೆ ಮಾತಾಡಲು ಕಲಿತವರಿಗೆ ಈ ವಿದ್ಯೆ ಬೇಗ ಒಲಿದಿದ್ದರೆ ಆಶ್ಚರ್ಯವಿಲ್ಲ.

ಸ್ಪರ್ಧೆಯ ದಿನಗಳು

ಗೋಪುರದಿಂದ ಸ್ವಲ್ಪ ದೂರದಲ್ಲಿಯೇ ವಿಂಟರ್ ಗಾರ್ಡನ್ಸ್ ಎಂಬ ವಿಶಾಲ ಭವನವಿದೆ. ಅದರೊಳಗಣ ಎಂಪ್ರೆಸ್ ನರ್ತನಶಾಲೆ 1896ರದು. 1920ರ ಈಸ್ಟರ್ ವಾರದಲ್ಲಿ ಅಲ್ಲಿ ಮೊದಲ ನೃತ್ಯೋತ್ಸವ ನಡೆಯಿತು. ವಾಲ್ಟ್ಸ್, ಟೂಸ್ಟೆಪ್, ಫಾಕ್ಸ್‌ಟ್ರಾಟ್ ಈ ಮೂರು ಲಯಗಳಿಗೆ ಹೊಸ ನೃತ್ಯಗಳನ್ನು ಹುಡುಕುವುದೇ ಆಗಿನ ಪಂದ್ಯ. 1931ರಿಂದ ವೃತ್ತಿನರ್ತಕರಿಗೂ ಹವ್ಯಾಸಿಗಳಿಗೂ ಬ್ರಿಟಿಷ್ ಪ್ರಶಸ್ತಿಯ ಸ್ಪರ್ಧೆಗಳು ಸೇರಿಕೊಂಡುವು. ಇಂದು ಪ್ರತಿವರ್ಷ ಮೇ ತಿಂಗಳ ಸುಮಾರಿಗೆ ನಾನಾ ದೇಶಗಳ ಜೋಡಿಗಳು ಇಲ್ಲಿ ನೆರೆಯುತ್ತವೆ. ಜಪಾನಿನಲ್ಲಿ ಈ ಊರಿನ ಹೆಸರಿಗಿರುವ ಮಾಯೆಯನ್ನು 1996ರ ‘ಶಲ್ ವಿ ಡ್ಯಾನ್ಸ್?’ ಎಂಬ ಜಪಾನೀ ಚಲನಚಿತ್ರ ಕಂಡವರು ಬಲ್ಲರು. ಲೆಕ್ಕಪತ್ರಗಳ ನಡುವೆ ಬಾಡಿದ ಗೃಹಸ್ಥನೊಬ್ಬ ಮನೆಯವರಿಗೆ ತಿಳಿಯದಂತೆ ನೃತ್ಯ ಕಲಿಯುವ ಆ ಕತೆಯಲ್ಲಿ ಶಿಕ್ಷಕಿಯ ಮನಸ್ಸಿಗೆ ಚುಚ್ಚಿದ ಮುಳ್ಳು ಬ್ಲ್ಯಾಕ್‌ಪೂಲಿನ ಸೋಲು.

ಉಳಿದದ್ದು

ಕಾಲ ಈ ಊರಿಗೆ ಕರುಣೆ ತೋರಲಿಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದ ಅನಂತರ ಲ್ಯಾಂಕಾಶೈರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಗಿರಣಿಗಳೊಡನೆ ವೇಕ್ಸ್ ವಾರವೂ ಹೋಯಿತು. ವಿಮಾನದ ದರ ಇಳಿದು ಸ್ಪೇಯ್ನಿನ ಬಿಸಿಲು ಕೈಗೆಟಕಿದಾಗ ಇಲ್ಲಿಯ ತಣ್ಣನೆಯ ಕಡಲನ್ನು ಬಯಸುವವರು ಕಡಮೆಯಾದರು. ಗೋಪುರದ ಬೆಳಕು ಬೀಳುವ ಬೀದಿಗಳ ಹಿಂದೆಯೇ ಬಣ್ಣ ಕಳಚಿದ ಅತಿಥಿಗೃಹಗಳ ಸಾಲುಗಳಿವೆ; ಇಂಗ್ಲೆಂಡಿನ ಕಡುಬಡ ಊರುಗಳ ಎಣಿಕೆಯಲ್ಲಿ ಬ್ಲ್ಯಾಕ್‌ಪೂಲಿನ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ.

ಆದರೂ ಮಧ್ಯಾಹ್ನದ ಹೊತ್ತು ಚಹ ಕುಡಿಯುತ್ತ ಕುಣಿಯುವ ಪದ್ಧತಿ ಗೋಪುರದ ಶಾಲೆಯಲ್ಲಿ ನಿಂತಿಲ್ಲ. ಆರ್ಗನ್ ನುಡಿಯುತ್ತದೆ, ನರೆತ ತಲೆಯ ಜೋಡಿಗಳು ಮೇಜಿನಿಂದ ಏಳುತ್ತವೆ. ಮಂಡಿ ನೋಯುವವರೂ ಉಂಟು, ಜೊತೆಗಾರರನ್ನು ಕಳೆದುಕೊಂಡು ಗೆಳತಿಯ ಕೈ ಹಿಡಿದು ಕುಣಿಯುವವರೂ ಉಂಟು. ಸ್ಪರ್ಧೆಯ ನರ್ತಕರ ಹಾರುಹೆಜ್ಜೆ ಅವರಿಂದಾಗದು. ಆದರೆ ಎದುರಿನವರ ಮೈಯ ಸುಳಿವನ್ನು ನಂಬಿ, ಕಾಣದ ಕಡೆಗೆ ಹಿಂದಡಿಯಿಡುವ ಆ ಧೈರ್ಯ ಅವರಲ್ಲಿ ಬಲಿತಿರುತ್ತದೆ. ಸಂಸಾರವೆಂಬ ಇನ್ನೊಂದು ಜೋಡಿನಡಿಗೆಯಲ್ಲಿ ಅದನ್ನು ಬಹುಕಾಲ ಅಭ್ಯಾಸ ಮಾಡಿದವರು ಅವರು. ನಿಧಾನ, ಚುರುಕು, ಚುರುಕು ಎಂದು ಮೂವತ್ತು ಸಾವಿರ ಮರದ ತುಂಡುಗಳ ಮೇಲೆ ಆ ಹಳೆಯ ಪಾದಗಳು ಸರಿಯುತ್ತಿರುವಷ್ಟು ಕಾಲ, ಕರಿಮಡುವಿನ ಊರಿಗೆ ಪೂರ್ತಿ ಕತ್ತಲೆ ಕವಿಯಲಾರದು.