ಅಂಗಾಲಿಗೊಂದು ಅಚ್ಚು

ಕಡಿಯಾಳಿಯ ಬಸ್ ಸ್ಟಾಪಿನಲ್ಲಿ ನೆಲ ನೋಡುತ್ತಾ ಹತ್ತು ನಿಮಿಷ ನಿಂತರೆ ಉಡುಪಿಯ ಅರ್ಧ ಕಥೆ ತಿಳಿಯುತ್ತದೆ. ಮಣಿಪಾಲದ ಗುಡ್ಡ ಹತ್ತುವ ವಿದ್ಯಾರ್ಥಿಗಳದು ದಪ್ಪ ಅಟ್ಟೆಯ ಶೂ, ಬ್ಯಾಂಕಿನವರದು ಚರ್ಮದ ಚಪ್ಪಲಿ, ಮೀನಿನ ಹೆಂಗಸರದು ಹವಾಯಿ. ಮಹಿಷಮರ್ದಿನಿ ಅಮ್ಮನವರ ದೇವಸ್ಥಾನದಿಂದ ಹೊರಬಂದವರದು ಸದ್ಯಕ್ಕೆ ಬರಿಗಾಲು. ರಾಶಿಯಲ್ಲಿ ತಮ್ಮ ಜೋಡಿ ಹುಡುಕುತ್ತಿದ್ದಾರೆ. ಇವರೆಲ್ಲರ ನಡುವೆ ಇನ್ನೊಂದು ಪಂಗಡವಿದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಕುಂಟುತ್ತಾರೆ, ಐದನೆಯದರಿಂದ ಏನೂ ಆಗದವರ ಹಾಗೆ ನಡೆದು ಹೋಗುತ್ತಾರೆ. ಇವರದು ಹಿಮ್ಮಡಿ ನೋವು.

ಮನುಷ್ಯನ ಒಂದು ಪಾದದಲ್ಲಿ 26 ಎಲುಬು, ಎರಡರಲ್ಲಿ 52. ಮೈಯ 206ರಲ್ಲಿ ಕಾಲು ಭಾಗ ಕಾಲಿನ ತುದಿಗೇ ಹೋಯಿತು. ಈ ಎಲುಬುಗಳು ಬಿಲ್ಲಿನ ಹಾಗೆ ಬಾಗಿ ನಿಂತಿವೆ; ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಹಾದುಹೋದ ಗಟ್ಟಿ ಪಟ್ಟಿಯೇ ಅದರ ಹೆದೆ. ವೈದ್ಯರ ಬಾಯಲ್ಲಿ ಅದು ಪ್ಲಾಂಟಾರ್ ಫ್ಯಾಸಿಯಾ. ದಿನವಿಡೀ ಎಳೆಸಿಕೊಂಡ ಪಟ್ಟಿ ರಾತ್ರಿ ಕುಗ್ಗಿ ಮಲಗಿರುತ್ತದೆ. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಊರಿದಾಗ ಎಲ್ಲಿಲ್ಲದ ಸಿಟ್ಟು ಅದಕ್ಕೆ. ಹೋಟೆಲಿನ ಅಡುಗೆಯವರು, ಮೇಷ್ಟ್ರುಗಳು, ಟ್ರಾಫಿಕ್ ಪೊಲೀಸರು, ನಮ್ಮ ಗೃಹಿಣಿಯರು, ಹೀಗೆ ನಿಂತೇ ದುಡಿಯುವವರಿಗೆ ಇದು ಹೆಚ್ಚು. ಸೆಗಣಿ ಸಾರಿಸಿದ ನೆಲ ಹೋಗಿ ಕಾವಿ ನೆಲ ಬಂತು, ಅದೂ ಹೋಗಿ ಈಗ ಟೈಲ್ಸ್. ನೆಲ ಹೊಳೆದಷ್ಟೂ ಹಿಮ್ಮಡಿಗೆ ಸುಖವಿಲ್ಲ.

ನಮ್ಮ ಅತ್ತಿಗೆಗೆ ಡಾಕ್ಟರು ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ ಎಂದರು. ಅತ್ತಿಗೆ ಕೇಳಿದರು: "ದೇವರ ಕೋಣೆ ಎದುರಿಂದಲೇ ಅಡುಗೆ ಮನೆಗೆ ಹೋಗ್ಬೇಕು ಡಾಕ್ಟ್ರೆ, ಅಲ್ಲಿ ಚಪ್ಪಲಿ ಹಾಕ್ಕೊಂಡು ಹೋಗುದಾ? ಅತ್ತೆ ಇನ್ನೂ ಗಟ್ಟಿ ಇದ್ದಾರೆ ಮಾರಾಯ್ರೆ." ಡಾಕ್ಟರು ಉತ್ತರ ಕೊಡದೆ ಚೀಟಿಯಲ್ಲಿ ಕಾಲಿನ ಅಳತೆ ತೆಗೆಸಲು ಬರೆದರು.

ಅಳತೆ ತೆಗೆಯುವ ಕ್ರಮ ಈಗ ಹಲವೆಡೆ ಬದಲಾಗಿದೆ. ಹಿಂದೆ ಪ್ಲಾಸ್ಟರ್ ಸುತ್ತಿ ಪಾದದ ಅಚ್ಚು ತೆಗೆಯುತ್ತಿದ್ದರು. ಈಗ ಒಂದು ಹಲಗೆಯ ಮೇಲೆ ನಿಲ್ಲಿಸುತ್ತಾರೆ, ಪರದೆಯಲ್ಲಿ ನಮ್ಮದೇ ಪಾದ ಬಣ್ಣಬಣ್ಣವಾಗಿ ಮೂಡುತ್ತದೆ. ಭಾರ ಬಿದ್ದ ಹಿಮ್ಮಡಿ ಕೆಂಪು, ನೆಲ ಮುಟ್ಟದ ಕಮಾನು ನೀಲಿ. ಇನ್ನೊಂದು ಸ್ಕ್ಯಾನರ್ ಅಂಗಾಲಿನ ಉಬ್ಬುತಗ್ಗುಗಳನ್ನು ದಾಖಲಿಸುತ್ತದೆ. ಕಂಪ್ಯೂಟರಿನಲ್ಲಿ ಎಲ್ಲಿ ಎತ್ತರಿಸಬೇಕು, ಎಲ್ಲಿ ಮೆತ್ತಗಿರಬೇಕು ಎಂದು ತಿದ್ದಿ ತ್ರೀಡಿ ಪ್ರಿಂಟರಿಗೆ ಕಳಿಸಿದರೆ, ಅದು ಟಿಪಿಯು ಎಂಬ ಬಳುಕುವ ಪ್ಲಾಸ್ಟಿಕ್ಕನ್ನೋ ನೈಲಾನನ್ನೋ ಪದರ ಪದರವಾಗಿ ಇಡುತ್ತಾ ಗಂಟೆಗಟ್ಟಲೆ ಕೂತು ಒಂದು ಜೊತೆ ಇನ್‌ಸೋಲ್ ಮಾಡುತ್ತದೆ. ಒಳಗೆಲ್ಲ ಜಾಲರಿ. ಜಾಲರಿ ಒತ್ತಾಗಿದ್ದಲ್ಲಿ ಗಟ್ಟಿ, ವಿರಳವಾದಲ್ಲಿ ಮೃದು. ಒಂದೇ ವಸ್ತುವಿನಲ್ಲಿ ಎರಡು ಗುಣ ತರುವ ಈ ಜಾಣತನ ನನಗೆ ನಿಜಕ್ಕೂ ಇಷ್ಟವಾಯಿತು.

ಮಿಷನ್ ಇಲ್ಲದ ಪರೀಕ್ಷೆಯೂ ಒಂದಿದೆ. ಬಾವಿಕಟ್ಟೆಯಲ್ಲಿ ಕಾಲು ತೊಳೆದು ಕಾವಿ ನೆಲದ ಮೇಲೆ ಬನ್ನಿ. ಒದ್ದೆ ಗುರುತಿನ ಒಳಬದಿ ಬಳುಕಿ ಕಿರಿದಾಗಿದ್ದರೆ ಕಮಾನು ಸರಿಯಿದೆ. ಪಾದ ಪೂರ್ತಿ ಅಚ್ಚೊತ್ತಿದರೆ ಚಪ್ಪಟೆ ಪಾದ. ಅಷ್ಟಕ್ಕೇ ಗಾಬರಿ ಬೇಡ. ನೋವಿಲ್ಲದ ಚಪ್ಪಟೆ ಪಾದಕ್ಕೆ ಸಾಮಾನ್ಯವಾಗಿ ಔಷಧವೂ ಬೇಡ, ಅಚ್ಚೂ ಬೇಡ. ಅಷ್ಟಮಿಗೆ ನಾವು ಮುಷ್ಟಿಯ ಬದಿ ಅದ್ದಿ ಹೊಸ್ತಿಲಿಂದ ದೇವರ ಕೋಣೆಯವರೆಗೆ ಬಾಲಕೃಷ್ಣನ ಹೆಜ್ಜೆ ಬಿಡಿಸುತ್ತೇವಲ್ಲ, ಅದರ ಒಳಬದಿ ಎಷ್ಟು ಚಂದ ಬಳುಕಿರುತ್ತದೆ! ನಿಜವಾದ ಕೂಸಿನ ಪಾದ ಹಾಗಿರುವುದಿಲ್ಲ. ಕೊಬ್ಬು ತುಂಬಿ ಮಟ್ಟಸವಾಗಿರುತ್ತದೆ; ಕಮಾನು ಕಾಣಿಸಿಕೊಳ್ಳಲು ವರ್ಷಗಳು ಬೇಕು. ಎರಡು ವರ್ಷದ ಮೊಮ್ಮಗನಿಗೆ ಇನ್‌ಸೋಲ್ ಮಾಡಿಸಲು ಹೊರಟ ಅಜ್ಜಂದಿರು ಸ್ವಲ್ಪ ತಾಳಬಹುದು.

ಇನ್ನು ನನ್ನ ತಕರಾರು. ಈ ಇನ್‌ಸೋಲ್ ಕೂರಬೇಕಾದದ್ದು ಶೂ ಒಳಗೆ. ನಮ್ಮೂರಿನ ಕಾಲು ಶೂ ಒಳಗಿರುವುದು ಎಷ್ಟು ಹೊತ್ತು? ಮನೆಯಲ್ಲಿ ಬರಿಗಾಲು, ರಥಬೀದಿಯಲ್ಲಿ ಚಪ್ಪಲಿ, ಮಠದೊಳಗೆ ಮತ್ತೆ ಬರಿಗಾಲು. ಜೂನ್ ಬಂತೆಂದರೆ ಶೂ ಅಟ್ಟ ಸೇರುತ್ತದೆ, ಇಳಿಸುವಾಗ ಬೂಸ್ಟು. ಸಾವಿರಾರು ರೂಪಾಯಿಯ ಅಚ್ಚು ಕಪಾಟಿನಲ್ಲಿ ಕೂತರೆ ಹಿಮ್ಮಡಿಗೇನು ಬಂತು? ಅಚ್ಚನ್ನು ಪಟ್ಟಿಯಿರುವ ಸ್ಯಾಂಡಲಿಗೆ ಕೂರುವಂತೆ ಮಾಡಿಸಿ, ಮನೆಯೊಳಗೆ ಬೇರೆಯೇ ಒಂದು ಜೊತೆ ಇಟ್ಟುಕೊಂಡರೆ ಮಾತ್ರ ಉಪಯೋಗ. ಅತ್ತಿಗೆ ಕೊನೆಗೆ ಹಾಗೇ ಮಾಡಿದರು. ಅತ್ತೆಯವರು ಎರಡು ದಿನ ಮುಖ ಗಂಟಿಕ್ಕಿ, ಮೂರನೆಯ ದಿನ ತಮಗೂ ಒಂದು ಜೊತೆ ತರಿಸಿಕೊಂಡರಂತೆ. ಅಚ್ಚಿಗೆ ಒಂದು ಹೆಚ್ಚುವರಿ ಲಾಭವೂ ಉಂಟು: ದೇವಸ್ಥಾನದ ಎದುರು ಯಾರಾದರೂ ಕದ್ದರೂ ಅವರ ಕಾಲಿಗೆ ಅದು ಕೂರುವುದಿಲ್ಲ.

ಮತ್ತೊಂದು ಮಾತು. ಹಿಮ್ಮಡಿ ನೋವಿನ ಮಟ್ಟಿಗೆ, ಅಂಗಡಿಯ ಸಿದ್ಧ ಇನ್‌ಸೋಲನ್ನೂ ಅಳತೆ ಕೊಟ್ಟು ಮಾಡಿಸಿದ್ದನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಮೊದಲು ಬೈರಾಸನ್ನು ಪಾದಕ್ಕೆ ಸಿಕ್ಕಿಸಿ, ಮಂಚದಲ್ಲೇ ಕೂತು ಬೆರಳನ್ನು ಮೈಕಡೆ ಎಳೆದು ಹಿಡಿಯಿರಿ. ಅದಕ್ಕೆ ಕಾಸಿಲ್ಲ.

ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ನರ ಸತ್ತ ಪಾದಕ್ಕೆ ಕಲ್ಲು ಚುಚ್ಚಿದರೂ ಗೊತ್ತಾಗದು. ಒಂದೇ ಕಡೆ ಒತ್ತಡ ಬಿದ್ದು ಹುಣ್ಣಾಗುತ್ತದೆ, ಅಲಕ್ಷ್ಯ ಮಾಡಿದರೆ ಬೆರಳೋ ಪಾದವೋ ಹೋಗುತ್ತದೆ. ಹೀಗೆಯೇ ಸ್ಪರ್ಶವಿಲ್ಲದ ಕುಷ್ಠರೋಗಿಗಳ ಪಾದ ಉಳಿಸಲು ಡಾ. ಪಾಲ್ ಬ್ರಾಂಡ್ ವೆಲ್ಲೂರಿನಲ್ಲಿ ಕಳೆದ ಶತಮಾನದ ನಡುವೆ ದುಡಿದರು. ಆ ಕಾಲದ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಯೇ ಇಂದು ಎಂಸಿಆರ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. ಪಾದದ ಆಕಾರವೇ ಕೆಟ್ಟಿದ್ದರೆ ಅಳತೆಯ ಅಚ್ಚು ಬೇಕೇ ಬೇಕು, ಅಲ್ಲಿ ಜಿಪುಣತನ ಸಲ್ಲದು. ಕಡಿಯಾಳಿಯವರು ದೂರ ಹೋಗಬೇಕಾಗಿಯೂ ಇಲ್ಲ. ಮಣಿಪಾಲದ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಮಧುಮೇಹಿಗಳ ಪಾದಕ್ಕೆಂದೇ ಒಂದು ಕೇಂದ್ರವಿದೆ. ಹೋಗುವಾಗ ಮರ್ಯಾದೆಗೆಂದು ಹೊಸ ಜೋಡು ಹಾಕಬೇಡಿ. ದಿನಾ ಮೆಟ್ಟುವ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಅದು ಎಲ್ಲಿ ಸವೆದಿದೆ ಎಂದು ಅವರು ನೋಡಬೇಕು.