ಎಷ್ಟು ಕೆಜಿ ಒತ್ತಬೇಕು?

ಹಾಸ್ಟೆಲ್ ವಾಶ್‌ಬೇಸಿನ್ನಿನ ಕಾಲು ಸುತ್ತಿನ ನಲ್ಲಿಯನ್ನು ಒಮ್ಮೆ ಬಿಚ್ಚಿ ನೋಡಿ (ವಾರ್ಡನ್ ಇಲ್ಲದಾಗ). ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಒಂದು ಕೂತಲ್ಲೇ ಕೂತಿರುತ್ತೆ, ಇನ್ನೊಂದು ಅದರ ಮೇಲೆ ತಿರುಗುತ್ತೆ. ತೂತಿಗೆ ತೂತು ಸೇರಿದರೆ ನೀರು, ಇಲ್ಲದಿದ್ದರೆ ಇಲ್ಲ. ಎಣ್ಣೆ ಬಾವಿಗಳ ಹರಿವನ್ನು ಹಿಡಿತದಲ್ಲಿಡುವ ಡಿಸ್ಕ್ ಚೋಕ್‌ಗಳದ್ದೂ ಇದೇ ಉಪಾಯ. ಅಲ್ಲಿನ ಬಿಲ್ಲೆ ಟಂಗ್‌ಸ್ಟನ್ ಕಾರ್ಬೈಡಿನದು, ಅಷ್ಟೇ. ನಾವು ನಾಲ್ವರು ಪ್ರಾಜೆಕ್ಟ್‌ಗೆ ಆರಿಸಿಕೊಂಡದ್ದು ಇಂಥದ್ದೇ ಒಂದು ವಾಲ್ವ್: 60 ಮಿ.ಮೀ. ವ್ಯಾಸದ ಡಿಸ್ಕ್, 100 ಬಾರ್ ನೀರು.

ರಜೆಯಲ್ಲಿ ನಮ್ಮಲ್ಲೊಬ್ಬನ ಊರಿಗೆ ಹೋದಾಗ ಅವನ ಅಪ್ಪನಿಗೆ ಡ್ರಾಯಿಂಗ್ ತೋರಿಸಿದ್ವಿ. ಅವರು ಊರಿನ ವಾಟರ್‌ಮನ್. ಜಾಮಾದ ಗೇಟ್ ವಾಲ್ವ್‌ಗಳನ್ನು ತಿರುಗಿಸಿ ತಿರುಗಿಸಿ ಅವರ ಬಲಭುಜ ಈಗ ಪೂರ್ತಿ ಮೇಲೇಳಲ್ಲ. ಸೋರುತ್ತಾ ಅಂತ ಕೇಳ್ತಾರೆ ಅಂದ್ಕೊಂಡ್ರೆ, "ಇದನ್ನ ತಿರುಗಿಸೋಕೆ ಎಷ್ಟು ಕೆಜಿ ಒತ್ತಬೇಕು?" ಅಂದ್ರು.

ಲೆಕ್ಕಕ್ಕೆ ಕೂತ್ವಿ. ಇಂಥ ವಾಲ್ವ್‌ನಲ್ಲಿ ಒತ್ತಡವೇ ತಿರುಗುವ ಡಿಸ್ಕನ್ನು ಕೂತ ಡಿಸ್ಕಿಗೆ ಅದುಮಿ ಹಿಡಿಯುತ್ತೆ. ಒತ್ತಡ ಹೆಚ್ಚಿದಷ್ಟೂ ಸೀಲ್ ಬಿಗಿ. ಕೇಳೋಕೆ ಚೆನ್ನಾಗಿದೆ. ಆದರೆ 60 ಮಿ.ಮೀ. ಡಿಸ್ಕಿನ ಬೆನ್ನಿಗೆ 100 ಬಾರ್ ಬಿದ್ದು, ಅಡಿಯಲ್ಲಿ ಎದುರೊತ್ತಡವೇ ಇಲ್ಲ ಅಂತ ಹಿಡಿದರೆ ಬಲ 28 ಕಿಲೋನ್ಯೂಟನ್, ಅಂದ್ರೆ ಹತ್ತಿರಹತ್ತಿರ ಮೂರು ಟನ್. ಘರ್ಷಣಾಂಕ 0.15 ಇಟ್ಟು ಕ್ಲಚ್ಚಿನ ಸೂತ್ರ ಹಾಕಿದ್ವಿ (ಹೌದು, ಅದೇ ಸೂತ್ರ, ಕ್ಲಚ್ಚಿಗೆ ಬೇಕಾದ ಘರ್ಷಣೆ ನಮಗೆ ಶತ್ರು). ಟಾರ್ಕ್ 85 ನ್ಯೂಟನ್-ಮೀಟರ್ ಬಂತು. ಕಾಲು ಮೀಟರ್ ಹಿಡಿಕೆಯ ತುದಿಯಲ್ಲಿ ಅದು 35 ಕೆಜಿ. ಘರ್ಷಣಾಂಕ 0.3 ಆದರೆ 70. ಆ ಭುಜಕ್ಕೆ ಆಗೋ ಮಾತಲ್ಲ.

ಹಿಡಿಕೆ ಉದ್ದ ಮಾಡಿ ಅಂತ ಯಾರಾದರೂ ಹೇಳಿಯಾರು. ಅದು ಪರಿಹಾರವಲ್ಲ, ಪೈಪ್ ತೂರಿಸಿ ಸ್ಪಿಂಡಲ್ ಮುರಿಯೋ ದಾರಿ. ಸೀಲ್ ಆಗೋಕೆ ಇಡೀ ಮುಖವೇ ಅದುಮಿರಬೇಕಾ ಅನ್ನೋದು ಸರಿಯಾದ ಪ್ರಶ್ನೆ. ಬೇಕಿಲ್ಲ. ಕೂತ ಡಿಸ್ಕಿನಲ್ಲಿ 18 ಮಿ.ಮೀ.ನ ಎರಡು ತೂತು, ಪ್ರತಿಯೊಂದರ ಸುತ್ತ 3 ಮಿ.ಮೀ. ಅಗಲದ ಉಬ್ಬು ಅಂಚು ಬಿಟ್ಟು, ಉಳಿದದ್ದನ್ನೆಲ್ಲ ತುಸು ತಗ್ಗಿಸಿದ್ವಿ. ಆ ತಗ್ಗಿಗೆ ಮೇಲಿನ ಒತ್ತಡದ ನೀರೇ ನುಗ್ಗಿ ಡಿಸ್ಕನ್ನು ಕೆಳಗಿನಿಂದ ತಳ್ಳುತ್ತೆ. ಅಂಚಿನಡಿ ಒತ್ತಡ ಸರಾಸರಿ ಅರ್ಧ ಅಂತ ಹಿಡಿದರೆ ಉಳಿಯೋ ಬಲ ಸುಮಾರು 7 ಕಿಲೋನ್ಯೂಟನ್, ಮೊದಲಿನ ಕಾಲುಭಾಗ. ಹಿಡಿಕೆಯಲ್ಲಿ ಎಂಟು ಕೆಜಿ ಸಾಕು.

ಇದಕ್ಕೆ ಬೆಲೆಯೂ ಇದೆ. ಸೀಲ್ ಮಾಡೋಕೆ ಈಗ ಇರೋದು ಮೂರೇ ಮಿಲಿಮೀಟರ್. ಆ ಅಂಚು ಕನ್ನಡಿಯಷ್ಟು ಸಮತಟ್ಟಾಗೋವರೆಗೂ ಲ್ಯಾಪಿಂಗ್ ಮಾಡಬೇಕು. ಮೆಟ್ರಾಲಜಿ ಲ್ಯಾಬಿನ ಸೋಡಿಯಂ ದೀಪದಡಿ ಆಪ್ಟಿಕಲ್ ಫ್ಲಾಟ್ ಇಟ್ಟರೆ ಕಾಣೋ ಒಂದೊಂದು ಪಟ್ಟೆಯೂ 0.3 ಮೈಕ್ರಾನ್. ಸೆಕೆಂಡ್ ಇಯರ್‌ನಲ್ಲಿ ವೈವಾಗೋಸ್ಕರ ಬಾಯಿಪಾಠ ಮಾಡಿದ ಪಟ್ಟೆಗಳನ್ನು ಈಗ ಉಸಿರು ಬಿಗಿಹಿಡಿದು ಎಣಿಸ್ತೀವಿ.

ಇನ್ನೊಂದು ಕಡೆ ಹರಿವಿನ ತಂಟೆ. ಮುಚ್ಚಿದ ಸ್ಥಿತಿಯಿಂದ ಮೊದಲ 26 ಡಿಗ್ರಿ ತಿರುಗಿಸಿದರೂ ತೂತುಗಳು ಭೇಟಿಯಾಗಲ್ಲ. ಆಮೇಲೆ ಸಣ್ಣ ಬಾದಾಮಿಯಂಥ ಬಿರುಕು ತೆರೆಯುತ್ತೆ, ಅಲ್ಲೇ ನೂರು ಬಾರ್ ಒಮ್ಮೆಗೇ ಇಳಿಯಬೇಕು. ಬರ್ನೂಲಿ ಪ್ರಕಾರ ಆ ನೀರಿನ ವೇಗ ಸೆಕೆಂಡಿಗೆ 141 ಮೀಟರ್, ಗಂಟೆಗೆ 500 ಕಿ.ಮೀ. ಮೇಲೆ. ಜೊತೆಗೆ ಒತ್ತಡ ಆವಿಯ ಮಟ್ಟಕ್ಕೆ ಕುಸಿದು ಗುಳ್ಳೆ ಎದ್ದರೆ, ಅವು ಒಡೆಯುವ ಪೆಟ್ಟು ಬೇರೆ. ನಾವು ಕಷ್ಟಪಟ್ಟು ಉಜ್ಜಿದ ಅಂಚನ್ನೇ ಅದು ಮೊದಲು ತಿನ್ನೋದು. ಸ್ಟೇನ್‌ಲೆಸ್ ಸ್ಟೀಲ್ ಇಲ್ಲಿ ಬಹಳ ದಿನ ಬಾಳಲ್ಲ. ಕಾರ್ಬೈಡ್ ಬಾಳುತ್ತೆ, ನಮ್ಮ ಬಜೆಟ್ ಬಾಳಲ್ಲ.

ಹಾಗಾಗಿ ಸದ್ಯಕ್ಕೆ ಅಲ್ಯೂಮಿನಾ ಡಿಸ್ಕಿಗೆ ಕೊಟೇಶನ್ ಕೇಳಿದ್ದೀವಿ. ಹಿಡಿಕೆಯ ಬದಿಯಲ್ಲಿ ಡಿಗ್ರಿ ಗುರುತು ಕೆತ್ತಿಸಿ, ಬಿರುಕು ತೆರೆಯೋ ಆ ಜಾಗಕ್ಕೆ ಕೆಂಪು ಬಣ್ಣ ಹಾಕೋದು ಅಂತ ತೀರ್ಮಾನವಾಗಿದೆ: ಇಲ್ಲಿ ನಿಲ್ಲಿಸಬೇಡಿ, ದಾಟಿಸಿ.